ಗೌರಮ್ಮನ ನಾಲಿಗೆ

ಗಂಗಾನಗರದ ಆ ಅಡ್ಡರಸ್ತೆಯಲ್ಲಿ ಹಾಲು ಕೆಟ್ಟಿದೆಯೋ ಏನೋ ಎಂದು ಅನುಮಾನ ಬಂದರೆ ಯಾರೂ ಪ್ಯಾಕೆಟ್ಟಿನ ಮೇಲಿನ ತಾರೀಕು ಹುಡುಕುತ್ತಿರಲಿಲ್ಲ. ಲೋಟ ಹಿಡಿದುಕೊಂಡು ಗೌರಮ್ಮನ ಮನೆಗೆ ಬರುತ್ತಿದ್ದರು. ಎದುರುಮನೆಯ ತಾಹೆರಾ ತವರಿನಿಂದ ತುಪ್ಪ ತಂದರೆ ಮೊದಲ ಚಮಚ ಗೌರಮ್ಮನ ಅಂಗೈಗೆ. ಮದುವೆ ಮುಂಜಿಗೆ ಅಡುಗೆ ಮಾಡುವ ನಾಗೇಶನಂಥ ನಾಗೇಶನೂ ಆ ಬೀದಿಯಲ್ಲಿ ಒಲೆ ಹೂಡಿದರೆ, ಬಡಿಸುವ ಮೊದಲು ಸೌಟಿನಲ್ಲಿ ಸಾರು ಹಿಡಿದು ಅವಳ ಮುಂದೆ ನಿಲ್ಲುತ್ತಿದ್ದ. ಅವಳು ನಾಲಿಗೆಯ ತುದಿಗೆ ಒಂದಿಷ್ಟು ಇಟ್ಟುಕೊಂಡು, ಕಣ್ಣು ಕಿರಿದು ಮಾಡಿ, "ಚೆನ್ನಾಗೈತೆ" ಎನ್ನುವಳು, ಇಲ್ಲವೇ "ಬ್ಯಾಡ, ಚೆಲ್ಲು" ಎನ್ನುವಳು. ಆ ತೀರ್ಪಿನ ಮೇಲೆ ಅಪೀಲು ಇರಲಿಲ್ಲ.

ಊರು ಸಿಟಿಯೊಳಗೆ ಕರಗಿ, ರಾಗಿ ಹೊಲವಿದ್ದ ಕಡೆ ನಾಲ್ಕಂತಸ್ತಿನ ಬಾಡಿಗೆ ಮನೆಗಳು ಎದ್ದರೂ ಗೌರಮ್ಮ ಮನೆಯ ಹಿಂದಿನ ಇಪ್ಪತ್ತಡಿ ಹಿತ್ತಲನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಯಶವಂತಪುರದ ಈರುಳ್ಳಿ ಮಂಡಿಯಲ್ಲಿ ಗುಮಾಸ್ತನಾಗಿದ್ದ ಮಗ ನಾಗಭೂಷಣ, ಅಲ್ಲೊಂದು ಶೆಡ್ ಹಾಕಿಸೋಣ ಎಂದಾಗ ಮೂರು ದಿನ ಅವನ ಜೊತೆ ಮಾತು ಬಿಟ್ಟಿದ್ದಳು. ನಾಲ್ಕು ಬದನೆ ಗಿಡ, ಒಂದು ಪಾತಿ ದಂಟು, ಚಪ್ಪರದ ಮೇಲೆ ಸೋರೆಬಳ್ಳಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಅವಳೆದುರು ಆಡುವಂತಿರಲಿಲ್ಲ. ಗಂಡ ಪಿಳ್ಳಪ್ಪ, ಸಿಟಿ ಬಸ್ಸಿನ ಡ್ರೈವರ್ ಆಗಿ ರಿಟೈರ್ ಆದ ಸಾಧು ಮನುಷ್ಯ, ಒಮ್ಮೆ ತಮಾಷೆಗೆ ಆಡಿ ಆ ಮಧ್ಯಾಹ್ನ ಮುದ್ದೆಯನ್ನು ಬರೀ ಮಜ್ಜಿಗೆಯಲ್ಲಿ ನುಂಗಿದ್ದ.

ಅಂಥ ಮನೆಗೆ ಬಂದ ಸೊಸೆಯ ಹೆಸರು ಇಂದು. ಅವಳು ಕೆಲಸ ಮಾಡುತ್ತಿದ್ದುದು ಹೆಬ್ಬಾಳದ ಕಡೆಯ ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ, ಅದೂ ತರಕಾರಿ ವಿಭಾಗದಲ್ಲಿ. ತಲೆಗೆ ಬಲೆಟೋಪಿ, ಕೈಗೆ ಗವಸು. ಕೊತ್ತಂಬರಿ ಸೊಪ್ಪಿಗೆ ಜ್ವರ ನೋಡುವ ಹಾಗೆ ಫ್ರಿಜ್ಜಿನೊಳಗೆ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳುವ ಕೆಲಸ ಎಂದು ಗೌರಮ್ಮ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಳು. ಆ ಅಂಗಡಿಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಬೆಳಿಗ್ಗೆ ಒಳಗೆ ಕಾಲಿಡುವ ಮೊದಲು ಪ್ರತಿಯೊಬ್ಬರೂ ಒಂದು ಪುಸ್ತಕದಲ್ಲಿ ತಮಗೆ ಜ್ವರವಿಲ್ಲ, ಭೇದಿಯಿಲ್ಲ, ಕೈಯಲ್ಲಿ ಗಾಯವಿಲ್ಲ ಎಂದು ಸಹಿ ಹಾಕಬೇಕು. ಇದ್ದರೆ ಇದೆ ಎಂದು ಬರೆದು, ಆವತ್ತು ತಿನ್ನುವ ಪದಾರ್ಥ ಮುಟ್ಟದೆ ಬೇರೆ ಕೆಲಸ ಮಾಡಬೇಕು.

"ಉಸಾರಿಲ್ದವ್ಳು ಉಸಾರಿಲ್ಲ ಅಂತ ತಾನೇ ಬರ್ಕೊಡ್ತಾಳಾ?" ಎಂದು ಗೌರಮ್ಮ ಕೇಳಿದ್ದಳು. "ಯಾರ್ ನೋಡ್ತಾರೆ ಅಂತ ಸುಮ್ಕಿರ್ತಾಳೆ."

"ಬರೀತಾರೆ ಅತ್ತೆ. ಬರೀಲಿಲ್ಲ ಅಂದ್ರೆ ತಿನ್ನೋರಿಗೆ ತೊಂದ್ರೆ ಅಲ್ವಾ?" ಎಂದಿದ್ದಳು ಇಂದು. ವಾದ ಮಾಡುವ ಹುಡುಗಿಯಲ್ಲ ಅವಳು. ಗೊತ್ತಿದ್ದದ್ದನ್ನು ಹೇಳಿದ್ದಳು, ಅಷ್ಟೇ.

ಆ ಮಾತು ಗೌರಮ್ಮನಿಗೆ ಚುಚ್ಚಿತು. ಯಾಕೆ ಚುಚ್ಚಿತು ಎಂಬುದು ಮನೆಯಲ್ಲಿ ಯಾರಿಗೂ ತಿಳಿಯದು. ಅಷ್ಟು ಹೊತ್ತಿಗಾಗಲೇ ಅವಳ ನಾಲಿಗೆ ಸತ್ತು ಎರಡು ವರ್ಷವಾಗಿತ್ತು. ಕರೋನಾದ ಎರಡನೇ ಸುತ್ತಿನಲ್ಲಿ ಮನೆಮಂದಿಯೆಲ್ಲ ಮಲಗಿ ಎದ್ದರು. ಎಲ್ಲರಿಗೂ ಹೋದ ರುಚಿ ಎಲ್ಲರಿಗೂ ತಿರುಗಿ ಬಂತು, ಅವಳೊಬ್ಬಳಿಗೆ ಬರಲಿಲ್ಲ. ಮೊದಮೊದಲು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದಳು. ಬಾಗಿಲು ಹಾಕಿಕೊಂಡು ಬೇವಿನ ಎಲೆ ಜಗಿದಳು, ಬರೀ ಉಪ್ಪು ನೆಕ್ಕಿದಳು. ಬಾಯಲ್ಲಿ ಮರಳು ಹಾಕಿಕೊಂಡ ಹಾಗಿತ್ತು. ಹೇಳಿಬಿಡಬಹುದಿತ್ತು. ಆದರೆ ಬೀದಿಗೆಲ್ಲ ರುಚಿ ನೋಡುವವಳು ಎಂದು ಮೂವತ್ತು ವರ್ಷ ಹೆಸರು ಮಾಡಿದ ಹೆಂಗಸು, ನನ್ನ ಬಾಯಿ ಕಲ್ಲಾಗಿದೆ ಎಂದು ಯಾವ ಬಾಯಿಂದ ಹೇಳುವುದು? ಅದೂ ಥರ್ಮಾಮೀಟರ್ ಹಿಡಿದ ಸೊಸೆಯ ಎದುರಿಗೆ?

ಹೀಗೆ ಮುಚ್ಚಿಟ್ಟು ಬದುಕುವುದನ್ನು ಕಲಿತಳು. ಉಪ್ಪು ಲೆಕ್ಕದ ಚಿಟಿಕೆ, ಹುಳಿ ಲೆಕ್ಕದ ಉಂಡೆ. ಯಾರಾದರೂ ಏನಾದರೂ ತಂದರೆ ನಾಲಿಗೆಗಿಟ್ಟುಕೊಂಡ ಹಾಗೆ ಮಾಡಿ ಬಣ್ಣ ನೋಡುವಳು, ಬೆರಳಲ್ಲಿ ಹಿಸುಕುವಳು, ಸ್ವಲ್ಪ ಅನುಮಾನ ಬಂದರೂ "ಚೆಲ್ಲು" ಎಂದುಬಿಡುವಳು. ಚೆಲ್ಲಿದ್ದರಿಂದ ಯಾರೂ ಸಾಯುವುದಿಲ್ಲವಲ್ಲ. ಇನ್ನು ಮನೆಯ ಅಡುಗೆಗೆ ಅವಳ ನಾಲಿಗೆ ಎಂದರೆ ಪಿಳ್ಳಪ್ಪನ ಮುಖ. ಹಜಾರದ ಬೆತ್ತದ ಕುರ್ಚಿಯಲ್ಲಿ ಅವನು ಮೊದಲ ತುತ್ತು ಬಾಯಿಗಿಡುವಾಗ ಅವಳು ಬಾಗಿಲಲ್ಲಿ ನಿಂತಿರುವಳು. ಉಪ್ಪು ಕಡಿಮೆಯಾದರೆ ಅವನ ಬಲ ಹುಬ್ಬು ಮೇಲೇಳುತ್ತಿತ್ತು, ಹೆಚ್ಚಾದರೆ ಕೈ ನೀರಿನ ಚೊಂಬಿಗೆ ಹೋಗುತ್ತಿತ್ತು. ಬಾಯಿಬಿಟ್ಟು ದೂರಿದವನಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಹೆಂಡತಿ ತನ್ನನ್ನು ಇಷ್ಟು ಹೊತ್ತು ನೋಡುತ್ತಾ ನಿಂತದ್ದು ಈಗಲೇ ಎಂದು ಅವನಿಗೆ ಒಳಗೊಳಗೇ ಖುಷಿಯೂ ಇತ್ತೆಂದು ಕಾಣುತ್ತದೆ.

ಇಪ್ಪತ್ತನಾಲ್ಕನೇ ಇಸವಿಯ ಬೇಸಿಗೆ ಬಂತು. ಮಾರ್ಚಿನಲ್ಲಿ ಬೋರ್‌ವೆಲ್ ಕೈಕೊಟ್ಟಿತು. ಟ್ಯಾಂಕರ್ ನೀರು ಕುಡಿಯುವುದಕ್ಕೂ ತೊಳೆಯುವುದಕ್ಕೂ ಸಾಲದಿರುವಾಗ ಬಳ್ಳಿಗೆ ಎಲ್ಲಿಂದ? ಪಾತ್ರೆ ತೊಳೆದ ನೀರು ಒಂದಿಷ್ಟು ಸುರಿಯುತ್ತಿದ್ದಳು. ಸೋರೆಬಳ್ಳಿಯ ಎಲೆ ಹಪ್ಪಳವಾಗಿ, ಇದ್ದ ಎರಡೇ ಕಾಯಿ ಗಿಡ್ಡಕ್ಕೆ ಗಟ್ಟಿಯಾಗಿ ನಿಂತವು. ಪಿಳ್ಳಪ್ಪನಿಗೆ ಪಾರ್ಕಿನ ವಾಕಿಂಗ್ ಗೆಳೆಯರು ಕಲಿಸಿದ ಅಭ್ಯಾಸವೊಂದಿತ್ತು: ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಬರೀ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ಸೋರೆಕಾಯಿ ರಸ.

"ಅತ್ತೆ, ನೀರಿಲ್ದೆ ಬಾಡಿರೋ ಬಳ್ಳಿ ಕಾಯಿ ಈ ವಾರ ಬೇಡ. ಅಂಗಡಿಯಿಂದ ಒಂದು ತಂದು ಫ್ರಿಜ್ಜಲ್ಲಿ ಇಟ್ಟಿದೀನಿ, ಅದನ್ನ ಹಾಕಿ" ಎಂದು ಶನಿವಾರ ಸಂಜೆ ಸೊಸೆ ಹೇಳಿದಳು. ಉದ್ದಕ್ಕೆ, ನುಣ್ಣಗೆ, ಹೊಟ್ಟೆಯ ಮೇಲೆ ಸ್ಟಿಕ್ಕರ್ ಅಂಟಿಸಿಕೊಂಡು ಮಲಗಿದ್ದ ಆ ಕಾಯಿಯನ್ನು ಗೌರಮ್ಮ ನೋಡಿದಳು. ನೋಡಿ, ಬಾಗಿಲು ಮುಚ್ಚಿದಳು.

ಭಾನುವಾರ ಬೆಳಿಗ್ಗೆ ಹಿತ್ತಲಿಂದ ಕಾಯಿ ಕೊಯ್ದು ತಂದಾಗ ಪಿಳ್ಳಪ್ಪ ಅಡುಗೆಮನೆಯ ಬಾಗಿಲಲ್ಲಿದ್ದ.

"ಬಳ್ಳಿ ಒಣಗೈತೆ ಕಣಮ್ಮಿ. ನೋಡ್ಬುಟ್ಟು ಹಾಕು."

ಸೋರೆ, ಹೀರೆ, ಸೌತೆ ಯಾವುದೇ ಆಗಲಿ, ತೊಟ್ಟಿನ ಕಡೆಯಿಂದ ಒಂದು ಚೂರು ಕೊಯ್ದು ಬಾಯಿಗೆ ಹಾಕಿಕೊಳ್ಳದೆ ಅಡುಗೆಗೆ ಇಳಿಸಬಾರದು ಎಂದು ಅವಳಿಗೆ ಅವಳ ಅವ್ವ ಕಲಿಸಿದ್ದು. ಬಾಯಾರಿದ ಬಳ್ಳಿಯ ಕಾಯಿ ಕಹಿಯಾಗುತ್ತದೆ, ಕಹಿ ಸೋರೆ ಹೊಟ್ಟೆಗೆ ಹೋಗಬಾರದು ಎಂದೂ ಅವ್ವನೇ ಹೇಳಿದ್ದಳು. ಗೌರಮ್ಮ ಚೂರು ಕೊಯ್ದಳು, ಬಾಯಿಗೆ ಹಾಕಿದಳು, ಜಗಿದಳು, ಬಚ್ಚಲಿಗೆ ಉಗಿದಳು. ಬಾಯಲ್ಲಿ ಮರಳು. ಬೇರೆಯವರ ಪದಾರ್ಥವಾಗಿದ್ದರೆ "ಚೆಲ್ಲು" ಎನ್ನುತ್ತಿದ್ದಳು. ತನ್ನ ಬಳ್ಳಿಯ ಕಾಯಿಗೆ ಆ ಮಾತು ಬಾಯಿಗೆ ಬರಲಿಲ್ಲ. ಚೆಲ್ಲಿದರೆ ಫ್ರಿಜ್ಜಿನಿಂದ ಸ್ಟಿಕ್ಕರ್ ಕಾಯಿ ತೆಗೆಯಬೇಕಿತ್ತು.

"ಚೆನ್ನಾಗೈತೆ" ಎಂದಳು.

ಅವನು ಕುಡಿಯುವಾಗ ಅವಳು ದೋಸೆ ಹಂಚಿನ ಕಡೆ ತಿರುಗಿದ್ದಳು. ಯಾವತ್ತೂ ಮುಖ ನೋಡುತ್ತಿದ್ದವಳು ಆವತ್ತು ನೋಡಲಿಲ್ಲ.

ಅರ್ಧ ಗಂಟೆಯೊಳಗೆ ಪಿಳ್ಳಪ್ಪ ಬಚ್ಚಲಮನೆಯಲ್ಲಿ ಕುಸಿದ. ವಾಂತಿಯಲ್ಲಿ ರಕ್ತವಿತ್ತು. ನಾಗಭೂಷಣ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಡಾಕ್ಟರಮ್ಮ ಬೆಳಿಗ್ಗೆಯಿಂದ ಏನೇನು ತಿಂದರು ಎಂದು ಕೇಳಿ, ಸೋರೆಕಾಯಿ ರಸ ಎಂದ ಕೂಡಲೇ ತಲೆ ಎತ್ತಿದರು.

"ಕಹಿ ಇತ್ತಾ?"

"ಇಲ್ಲ ತಾಯಿ. ನಾನೇ ನೋಡಿ ಆಕಿದ್ದು" ಎಂದಳು ಗೌರಮ್ಮ.

ಸಂಜೆ ಮಗ ಔಷಧಿ ತರಲು ಕೆಳಗೆ ಹೋದಾಗ ಪಿಳ್ಳಪ್ಪ ಕಣ್ಣು ಬಿಟ್ಟ. ಅವನ ಮಾತು ಕೇಳಿಸಿಕೊಳ್ಳಲು ಅವಳು ಬಗ್ಗಬೇಕಾಯಿತು.

"ವಿಪರೀತ ಕಹಿ ಇತ್ತು ಕಣಮ್ಮಿ. ಒಂದ್ ಗುಟುಕಿಗೇ ಗೊತ್ತಾಯ್ತು."

"ಮತ್ಯಾಕೆ ಕುಡುದ್ರಿ?"

"ನೀನ್ ನೋಡಿದ್ಯಲ್ಲ" ಎಂದ ಅವನು. "ನನ್ ಬಾಯೇ ಕೆಟ್ಟೈತೇನೋ ಅನ್ಕಂಡೆ."

ಆಮೇಲೆ ಅವನು ಮಾತಾಡಲಿಲ್ಲ. ಮರುದಿನ ಹಗಲು ಹತ್ತು ಗಂಟೆಗೆ ಹೋಗಿಬಿಟ್ಟ.

ಶವ ಬರುವ ಮೊದಲು ಮನೆಗೆ ಬಂದ ಗೌರಮ್ಮ ನೀರಿಗೆಂದು ಫ್ರಿಜ್ ತೆಗೆದಳು. ಸ್ಟಿಕ್ಕರ್ ಕಾಯಿ ಅಲ್ಲೇ ಮಲಗಿತ್ತು. ಅದನ್ನು ಎತ್ತಿ ಹಸಿಕಸದ ಬಕೆಟ್ಟಿಗೆ ಹಾಕಿ, ಬೀದಿಗೆ ಬಂದಿದ್ದ ಕಸದ ಆಟೋಗೆ ತಾನೇ ಸುರಿದು ಬಂದಳು. ಯಾಕೆ ಹಾಗೆ ಮಾಡಿದೆ ಎಂದು ಕೇಳಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದಳು. ಗೊತ್ತಿಲ್ಲದೆ ಯಾರೂ ಹಾಗೆ ಮಾಡುವುದಿಲ್ಲ.

ಪಿಳ್ಳಪ್ಪನ ಅಕ್ಕ ಮುನಿಕೃಷ್ಣಮ್ಮ ಯಲಹಂಕದಿಂದ ಬಂದು ಮೊದಲು ಅತ್ತಳು, ಆಮೇಲೆ ವಿಚಾರಿಸಿದಳು. ಸೋರೆಕಾಯಿ ವಿಷವಾಯಿತು ಎಂದು ಆಸ್ಪತ್ರೆಯವರು ಹೇಳಿದರು. ಯಾವ ಸೋರೆಕಾಯಿ? ಸೊಸೆ ತಂದಿಟ್ಟದ್ದೊಂದು ಫ್ರಿಜ್ಜಿನಲ್ಲಿತ್ತು, ಈಗ ಇಲ್ಲ.

"ಇನ್ನೇನ್ ಕೇಳೋದು?" ಎಂದಳು ಮುನಿಕೃಷ್ಣಮ್ಮ. "ಅಂಗಡಿ ಕಾಯಿಗೆ ಅದೇನ್ ಇಂಜಕ್ಸನ್ ಚುಚ್ಚಿದ್ರೋ. ಬಳ್ಳಿದಾಗಿದ್ರೆ ನಮ್ ಗೌರಿ ಬಾಯಿಗೆ ಸಿಗ್ದೆ ಓಯ್ತಿತ್ತಾ?"

ಬೀದಿಯೆಲ್ಲ ಅದನ್ನೇ ಹೇಳಿತು. ತಾಹೆರಾ ಕೂಡ ಇನ್ನು ಮೇಲೆ ಆ ಅಂಗಡಿಯ ತರಕಾರಿ ಮುಟ್ಟುವುದಿಲ್ಲ ಎಂದಳು. ಗೌರಮ್ಮ ಗೋಡೆಗೆ ಒರಗಿ ಕೂತಿದ್ದಳು. ದುಃಖದಲ್ಲಿರುವ ಹೆಂಗಸು ಮಾತಾಡಲಿಲ್ಲವೆಂದರೆ ಯಾರು ತಪ್ಪು ತಿಳಿಯುತ್ತಾರೆ?

ನಂಬಿದವರಲ್ಲಿ ಮೊದಲನೆಯವಳು ಇಂದು. "ನಾನೇ ತಂದಿದ್ದು. ನಾನೇ ಅದನ್ನ ಹಾಕಿ ಅಂತ ಹೇಳಿದ್ದು" ಎಂದು ಗಂಡನ ಮುಂದೆ ಅತ್ತಳು. ನಾಗಭೂಷಣ ಎದ್ದು ಹೊರಗೆ ಹೋದ. ಅಂಗಡಿಗೆ ಇನ್ನು ಬರುವುದಿಲ್ಲವೆಂದು ಅವಳು ಫೋನ್ ಮಾಡಿದ್ದು ಗೌರಮ್ಮನಿಗೆ ಕೇಳಿಸಿತು. ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಾಡಿಸಿ ಏಳುತ್ತಿದ್ದಳು. ಸುತ್ತ ನೆಂಟರಿದ್ದಾಗ ಯಾರೂ ಅವಳು ಕೊಟ್ಟ ನೀರು ಕೂಡ ಕುಡಿಯುತ್ತಿರಲಿಲ್ಲ, ಲೋಟವನ್ನು ಪಕ್ಕಕ್ಕಿಡುತ್ತಿದ್ದರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಗೌರಮ್ಮ ಹತ್ತು ದಿನ ಕಳೆದಳು. ಹೇಳಿದರೆ ಗಂಡನನ್ನು ಕೊಂದವಳಾಗುತ್ತಾಳೆ. ಹೇಳದಿದ್ದರೂ ಕೊಂದವಳೇ, ಆದರೆ ಅದು ತನಗೊಬ್ಬಳಿಗೇ ಗೊತ್ತು. ಆ ಎರಡರ ನಡುವೆ ಸೊಸೆ ದಿನದಿನಕ್ಕೆ ಇಳಿದುಹೋಗುತ್ತಿದ್ದಳು.

ಹನ್ನೊಂದನೇ ದಿನದ ಕಾರ್ಯಕ್ಕೆ ಬೀದಿಗೆ ಶಾಮಿಯಾನ ಹಾಕಿದರು. ಫೋಟೋದ ಮುಂದೆ ಎಡೆ ಇಟ್ಟು, ಪೂಜೆ ಮುಗಿದು, ಜನ ಎಲೆ ಮುಂದೆ ಕೂತರು. ಬಡಿಸಲು ಬಂದ ಇಂದುವಿನ ಕೈಯಿಂದ ಮುನಿಕೃಷ್ಣಮ್ಮ ಪಲ್ಯದ ಪಾತ್ರೆ ತೆಗೆದುಕೊಂಡು, "ನೀನ್ ಒಳಗಿರು" ಎಂದಳು. ಇಂದು ಬಾಗಿಲ ಪಕ್ಕ ಸರಿದು ನಿಂತಳು. ಆಗಲೇ ನಾಗೇಶ, ಮೂವತ್ತು ವರ್ಷದ ಪದ್ಧತಿಯಂತೆ, ಕಾಳು ಸಾರಿನ ಸೌಟು ಹಿಡಿದು ಗೌರಮ್ಮನ ಮುಂದೆ ಬಂದ.

"ಒಂದ್ಸಲ ನೋಡಮ್ಮ. ಬಡಿಸ್ಬುಡ್ತೀವಿ."

ಅವಳು ಅಂಗೈ ಒಡ್ಡಲಿಲ್ಲ.

"ನಂಗೊತ್ತಾಗಕಿಲ್ಲ ಕಣಪ್ಪ."

"ಏನ್ ಗೊತ್ತಾಗಲ್ಲಮ್ಮ?"

"ಉಪ್ಪು. ಹುಳಿ. ಕಹಿ. ಮೂರ್ ವರ್ಸ ಆಯ್ತು. ಕರೋನಾದಾಗ ಓದ ನಾಲ್ಗೆ ತಿರುಗಾ ಬರ್ಲಿಲ್ಲ. ನಾನು ಯಾರ್ಗೂ ಏಳ್ಲಿಲ್ಲ."

ಹತ್ತಿರದ ಎಲೆಯವರು ತಿರುಗಿ ನೋಡಿದರು. ಗೌರಮ್ಮ ಯಾರ ಮುಖವನ್ನೂ ನೋಡದೆ, ಸೌಟಿನ ಕಡೆಗೇ ನೋಡುತ್ತಾ ಮುಂದುವರಿಸಿದಳು.

"ಅವತ್ತು ನಾನ್ ತುರ್ದಿದ್ದು ಬಳ್ಳಿ ಕಾಯಿ. ಇಂದು ತಂದಿದ್ದು ಫ್ರಿಜ್ಜಲ್ಲೇ ಇತ್ತು, ನಾನೇ ಕಸಕ್ಕಾಕ್ದೆ. ನೋಡ್ಬುಟ್ಟು ಆಕು ಅಂತ ಅವರು ಏಳಿದ್ರು. ನೋಡ್ದೆ, ಚೆನ್ನಾಗೈತೆ ಅಂದೆ. ಕಹಿ ಅಂತ ಗೊತ್ತಿದ್ದೂ ನನ್ ಮಾತಿಗೆ ಕುಡುದ್ರು. ಆ ಉಡುಗೀದು ಏನೂ ತಪ್ಪಿಲ್ಲ."

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಮುನಿಕೃಷ್ಣಮ್ಮ ಪಲ್ಯದ ಪಾತ್ರೆಯನ್ನು ತಿರುಗಿ ಇಂದುವಿನ ಕೈಗೆ ಕೊಟ್ಟು, "ಜನ ಕೂತವ್ರೆ, ಬಡ್ಸು" ಎಂದಷ್ಟೇ ಹೇಳಿ ಗೌರಮ್ಮನಿಗೆ ಬೆನ್ನು ಹಾಕಿದಳು. ನಾಗೇಶ ಇನ್ನೂ ಸೌಟು ಹಿಡಿದೇ ಇದ್ದ. ಇಂದುವೇ ಬಂದು ಅಂಗೈಗೆ ಒಂದು ತೊಟ್ಟು ಹಾಕಿಸಿಕೊಂಡು ಬಾಯಿಗಿಟ್ಟಳು.

"ಸರಿ ಇದೆ" ಎಂದಳು. ಬಡಿಸಲು ಹೊರಟರು.

ಎರಡು ದಿನ ಕಳೆದು ಇಂದು ತಿರುಗಿ ಕೆಲಸಕ್ಕೆ ಹೋದಳು. ಆ ಅಂಗಡಿಯ ಪುಸ್ತಕದಲ್ಲಿ ಏನೂ ತೊಂದರೆಯಿಲ್ಲ ಎಂದು ಸಹಿ ಹಾಕಿಯೇ ಒಳಗೆ ಹೋಗಿರಬೇಕು. ಅತ್ತೆಯನ್ನು ಬೈಯಲಿಲ್ಲ, ಕ್ಷಮಿಸಿದೆನೆಂದೂ ಹೇಳಲಿಲ್ಲ. ಬೆಳಿಗ್ಗೆ ಹೊರಡುವ ಮೊದಲು ಒಲೆಯ ಹತ್ತಿರ ಬಂದು, ಮಾಡಿದ್ದನ್ನು ಒಂದು ಚಮಚ ಬಾಯಿಗಿಟ್ಟು, ಬೇಕಾದರೆ ಉಪ್ಪು ಹಾಕಿ ಹೋಗುತ್ತಾಳೆ. ಬೀದಿಯವರು ಲೋಟ ಹಿಡಿದು ಬರುವುದನ್ನು ಬಿಟ್ಟರು. ತಾಹೆರಾ ಈ ಸಲದ ತುಪ್ಪವನ್ನು ಇಂದುವಿನ ಕೈಗೆ ಕೊಟ್ಟು ಹೋದಳು. ಸೋರೆಬಳ್ಳಿಯನ್ನು ಯಾರೂ ಕೀಳಲಿಲ್ಲ, ಅದು ತಾನಾಗಿಯೇ ಒಣಗಿತು.

ಒಂದು ಭಾನುವಾರ ಇಂದುವಿಗೆ ಬೆಳಗಿನ ಪಾಳಿ ಇತ್ತು, ಅಡುಗೆ ಆಗುವ ಮೊದಲೇ ಹೊರಟಿದ್ದಳು. ನಾಗಭೂಷಣ ಮಂಡಿಯಲ್ಲಿದ್ದ. ಗೌರಮ್ಮ ಮಧ್ಯಾಹ್ನ ಮುದ್ದೆ ಕಟ್ಟಿ, ಸಾರು ಇಳಿಸಿ, ತಟ್ಟೆಗೆ ಹಾಕಿಕೊಂಡು ಹಜಾರಕ್ಕೆ ತಂದು ಬೆತ್ತದ ಕುರ್ಚಿಯ ಮುಂದಿನ ಸ್ಟೂಲಿನ ಮೇಲಿಟ್ಟಳು. ಇಟ್ಟು, ಬಾಗಿಲಿಗೆ ಹೋಗಿ, ತಿರುಗಿ ನಿಂತು ನೋಡಿದಳು. ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುವ ಮುಖ ಅಲ್ಲಿರಲಿಲ್ಲ. ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಹೋಗಿ, ನಿಂತುಕೊಂಡೇ ಉಂಡಳು.