ಹಸಿ ಕಾಂಕ್ರೀಟಿನ ಅಂಗಳ

ಆಂಬುಲೆನ್ಸ್ ಗೇಟಿನ ಹೊರಗೇ ನಿಂತಿತು. ಕಾಕುವಿನ ಶವ ಎತ್ತಿಕೊಂಡಿದ್ದ ನಾವು ಒಳಗೆ ಕಾಲಿಡಲು ಹಿಂಜರಿದೆವು. ಗೇಟಿನಿಂದ ಮನೆಯ ಕಟ್ಟೆಯವರೆಗೆ ಆ ಮುಂಜಾನೆಯಷ್ಟೇ ಹಾಕಿದ್ದ ಕಾಂಕ್ರೀಟು ಇನ್ನೂ ಹಸಿಯಾಗಿತ್ತು.

ಶೇಡಬಾಳದಲ್ಲಿ ನಮ್ಮ ಪಕ್ಕದ ಮನೆಯ ಬಾಬು ಕಾಕಾನ ಹೆಂಡತಿ ಅವರು. ಮಿರಜಿನಲ್ಲಿ ಮೊಣಕಾಲಿನ ಆಪರೇಶನ್ ಆಗಿ, ಇನ್ನೇನು ಮನೆಗೆ ಬರುವವರಿದ್ದರು. ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಅಂಗಳದ ಹಳೆಯ ಕಾಂಕ್ರೀಟು ಕಿತ್ತು ತಗ್ಗು ಬಿದ್ದಿತ್ತು. ವಾಕರ್ ಹಿಡಿದು ನಡೆಯುವಾಗ ಹೆಂಡತಿ ಎಡವಬಾರದೆಂದು ಕಾಕಾ ಅವಸರ ಮಾಡಿ ಗೌಂಡಿಯನ್ನು ಕರೆಸಿದ್ದರು. ಕೆಲಸ ಮುಗಿಯುವ ಹೊತ್ತಿಗೆ ಆಸ್ಪತ್ರೆಯಿಂದ ಮಗನ ಫೋನ್ ಬಂತು. ಎದೆನೋವು ಬಂದು ಕಾಕು ಹೋಗಿಬಿಟ್ಟಿದ್ದರು.

"ತಡೀರಿ, ಹಲಗಿ ಹಾಸೂಣು" ಎಂದು ಯಾರೋ ಓಡಿದರು. ಬಾಗಿಲಲ್ಲಿ ನಿಂತಿದ್ದ ಕಾಕಾ ಕೈ ಎತ್ತಿ ತಡೆದರು.

"ಹಲಗಿ ಬ್ಯಾಡ್ರಿ. ಹಂಗ ತುಳಕೋತ ಬರ್ರಿ. ಆಕೀ ಸಲುವಾಗೇ ಮಾಡ್ಸಿದ್ದೈತಿ."

ತುಳಿದುಕೊಂಡೇ ಒಳಗೆ ಹೋದೆವು. ಮುಖ ನೋಡಲು ಬಂದವರೆಲ್ಲ ತುಳಿದರು. ಸಂಜೆ ಎತ್ತುವಾಗ ಮತ್ತೆ ನಾವೇ ತುಳಿದೆವು. ದಿನಕಾರ್ಯ ಮುಗಿದ ಮೇಲೆ ಗೌಂಡಿ ಬಂದು, ಮೇಲೊಂದು ಪದರ ಎಳೆದು ಸಮ ಮಾಡಿಕೊಡುತ್ತೇನೆಂದ. ಕಾಕಾ ಒಪ್ಪಲಿಲ್ಲ. ಅಷ್ಟೂ ದಿನ ಅವರು ಅದರ ಮೇಲೆ ಗೋಣಿಚೀಲ ಹೊದಿಸಿ, ಮುಂಜಾನೆ ಸಂಜೆ ತಪ್ಪದೆ ನೀರು ಹೊಡೆದಿದ್ದರು. ಈಗದು ಗಟ್ಟಿ ಕಲ್ಲಾಗಿದೆ.

ಆ ಅಂಗಳ ದಾಟುವಾಗ ಇವತ್ತಿಗೂ ನನ್ನ ಕಣ್ಣು ನೆಲಕ್ಕೇ ಹೋಗುತ್ತದೆ. ನನ್ನ ಹೆಜ್ಜೆ ಅಲ್ಲಿದೆ, ಓಣಿಯವರೆಲ್ಲರ ಹೆಜ್ಜೆ ಇದೆ. ಕಾಕುವಿನದೊಂದೇ ಇಲ್ಲ.