ಹೈಬ್ರಿಡ್ ಜೋಳದ ರೊಟ್ಟಿ ಕೇಳಿದ ಅತಿಥಿ

೧೯೭೬ರಲ್ಲಿ ನಾನು ಆಗಿನ ಬಿಜಾಪುರ ಜಿಲ್ಲೆಯಲ್ಲಿ ಕೃಷಿ ವಿಸ್ತರಣಾಧಿಕಾರಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳ ರೈತರಿಗೆ ಹೈಬ್ರಿಡ್ ಜೋಳದ ರುಚಿ ಹತ್ತಿಸುವುದು ನನ್ನ ಕೆಲಸ. ರುಚಿ ಎಂದದ್ದು ಮಾತಿಗೆ. ನಾವು ಹೇಳುತ್ತಿದ್ದುದು ಇಳುವರಿಯೊಂದನ್ನೇ. ಹೈಬ್ರಿಡ್ ಎಂದರೆ ಎರಡು ತಳಿ ಕೂಡಿಸಿ ಮಾಡಿದ ಬೀಜ. ಬೆಳೆದ ಕಾಳನ್ನೇ ಮರುವರ್ಷ ಬಿತ್ತಿದರೆ ಆ ಇಳುವರಿ ಬಾರದು, ಪ್ರತಿ ಸಲ ಹೊಸದಾಗಿ ಕೊಳ್ಳಬೇಕು. ಆದರೆ ಇಳುವರಿ ಮಾತ್ರ ನಿಜವಾಗಿಯೂ ಹೆಚ್ಚಿತ್ತು.

ಆ ಚಳಿಗಾಲದಲ್ಲಿ ಮೇಲಿನಿಂದ ಆದೇಶ ಬಂತು. ಅಭಿವೃದ್ಧಿಶೀಲ ದೇಶಗಳು ಕೃಷಿಯಲ್ಲಿ ಒಂದಕ್ಕೊಂದು ಸಹಕರಿಸುವ ಯೋಜನೆಯಡಿ ಸುಡಾನಿನ ಅಧಿಕಾರಿಯೊಬ್ಬರು ನಮ್ಮ ಜೋಳ ನೋಡಲು ಬರುತ್ತಾರೆ. ಅವರು ಒಪ್ಪಿದರೆ ಬೀಜ ಅಲ್ಲಿಗೆ ಹೋಗುತ್ತದೆ. ಅಲ್ಲಿಯೂ ಬಡವರ ಹೊಟ್ಟೆಗೆ ಜೋಳವೇ ಗತಿ. ಸುದ್ದಿ ಕೇಳಿದಂದಿನಿಂದ ನನಗೆ ಒಂದೇ ಚಿಂತೆ. ಜೀಪಿನ ಟೈರು, ಅತಿಥಿಯ ಹೊಟ್ಟೆ, ನನ್ನ ಇಂಗ್ಲಿಷು, ಈ ಮೂರರಲ್ಲಿ ಮೊದಲು ಕೈಕೊಡುವುದು ಯಾವುದು? ಕೈಕೊಟ್ಟದ್ದು ನಾನು ಲೆಕ್ಕಕ್ಕೇ ಹಿಡಿಯದ ನಾಲ್ಕನೆಯದು.

ತಾಳಿಕೋಟೆ ಹತ್ತಿರದ ಒಂದು ಹಳ್ಳಿಯಲ್ಲಿ ಗೌಡರ ಮನೆಯ ಊಟ. ನನ್ನ ನಾಲ್ಕು ತಾಲ್ಲೂಕಿನಲ್ಲಿ ಅವರಷ್ಟು ಹೈಬ್ರಿಡ್ ಬೆಳೆದವರಿಲ್ಲ. ಅತಿಥಿ ಇದ್ರಿಸ್ ಎತ್ತರದ ಆಳು, ಮೆತ್ತಗಿನ ಮಾತು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಎಲ್ಲವನ್ನೂ ಸಂತೋಷದಿಂದ ತಿಂದು, “ಇದು ಹೊಲದಲ್ಲಿ ಕಂಡ ಹೈಬ್ರಿಡ್ ಜೋಳದ್ದೇ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಕನ್ನಡಕ್ಕೆ ತಿರುಗಿಸಿದೆ.

“ಏ, ಅಲ್ರಿ! ಇದು ಮಾಲದಂಡಿ, ನಮ್ಮ ಹಿಂಗಾರಿ ಜ್ವಾಳ,” ಎಂದರು ಗೌಡರು, ಬೈಸಿಕೊಂಡವರಂತೆ.

“ಹಾಗಾದರೆ ಹೈಬ್ರಿಡ್‌ನದೂ ಒಂದು ರೊಟ್ಟಿ ತಿಂದು ನೋಡಬಹುದೇ?”

ಗೌಡರು ನನ್ನ ಕಿವಿಗೆ ಬಾಗಿದರು. “ಸಾಹೇಬ್ರ, ಅದರ ಹಿಟ್ಟ ಮನ್ಯಾಗ ಎಲ್ಲೈತ್ರಿ? ಪ್ಯಾಟಿಗಿ ಹೋಗಿ ಉಳಿದದ್ದು ಆಳಿನ ಕೂಲಿಗಿ.”

ಅವರ ಹೊಲದಲ್ಲಿ ದುಡಿಯುವ ಸಂಗವ್ವನನ್ನು ಕರೆಸಿದರು. ಅವಳ ಕೂಲಿ ಆ ಕಾಳೇ. ಸಂಗವ್ವ ಹಿಟ್ಟು ತಂದು ಅಂಗಳದ ಒಲೆಯ ಮುಂದೆ ಕುಳಿತು ಪಟಪಟ ಬಡಿದಳು. ಇದ್ರಿಸ್ ಬಿಸಿ ರೊಟ್ಟಿ ತಿಂದರು. “ಎಷ್ಟು ಮೆದು! ನಮ್ಮ ಜನ ಖಂಡಿತ ತಿನ್ನುತ್ತಾರೆ. ಬೀಜ ಕಳಿಸಿ.” ನಾನು ಅದನ್ನು ಇಡೀ ಓಣಿಗೆ ಕೇಳುವಂತೆ ಕನ್ನಡದಲ್ಲಿ ಸಾರಿದೆ.

ಹೊಸ್ತಿಲ ಬಳಿ ಕುಳಿತಿದ್ದ ಗೌಡರ ತಾಯಿಗೆ ತಡೆಯಲಾಗಲಿಲ್ಲ. “ಎಲ್ಲೀ ಹೈಬ್ರೀಡ್ ತಂದಿಯೋ ತಮ್ಮಾ! ಅದು ನಮ್ಮನಿ ಮಾಲದಂಡಿ ಹಿಟ್ಟ. ‘ಬಂದ ಮಂದಿಗೆ ಅಂಥಾದ್ದು ಹ್ಯಾಂಗ ಕೊಡ್ಲಿ ಯವ್ವಾ’ ಅಂತ ಇಕಿ ಹಿತ್ತಲ ಬಾಗಲದಾಗ ನಿಂತು ನನ್ನ ಕಡೆ ಇಸಗೊಂಡು ಬಂದಾಳ. ನಮ್ಮ ಜ್ವಾಳದ ಹೆಸರು ಅದಕ್ಯಾಕ ಕೊಡ್ತಿ?”

“ಅಜ್ಜಿ ಏನೆಂದರು?” ಇದ್ರಿಸ್ ನನ್ನನ್ನು ನೋಡಿದರು.

‘ಇನ್ನೊಂದು ಹಾಕಿಸಿಕೊಳ್ಳಿ ಎನ್ನುತ್ತಿದ್ದಾರೆ’ ಎಂದರೆ ಮುಗಿಯುತ್ತಿತ್ತು. ಮುಂಜಾನೆಯಿಂದ ತಡವರಿಸುತ್ತಿದ್ದ ನನ್ನ ಇಂಗ್ಲಿಷು ಆ ಸುಳ್ಳಿಗೆ ಮಾತ್ರ ಸರಾಗವಾಗಿ ಸಿದ್ಧವಾಗಿ ನಿಂತಿತ್ತು. ನಿಜ ಹೇಳಿದರೆ ಸಂಗವ್ವನ ಮರ್ಯಾದೆ ಅತಿಥಿಯ ಮುಂದೆ ಹೋಗುತ್ತದೆ. ಹೇಳದಿದ್ದರೆ ತಿಂದು ನೋಡದ ಜೋಳ ಅವರ ದೇಶಕ್ಕೆ ಹೋಗುತ್ತದೆ. ಬೆವರು ಇಳಿಯಿತು.

“ಹೇಳ್ರಿ ಸಾಹೇಬ್ರ. ಹಿಟ್ಟ ಬದಲಿ ಮಾಡಿದಾಕಿ ನಾ, ನಿಮಗ್ಯಾಕ ಬೆವರು?” ಎಂದಳು ಸಂಗವ್ವ.

ಹೇಳಿದೆ. ಇದ್ರಿಸ್ ಸಿಟ್ಟಾಗಲಿಲ್ಲ. ಅವಳ ಪಕ್ಕದಲ್ಲಿದ್ದ ಬುತ್ತಿಗಂಟು ತೋರಿಸಿ, ಮಧ್ಯಾಹ್ನಕ್ಕೆಂದು ಕಟ್ಟಿಕೊಂಡಿದ್ದ ರೊಟ್ಟಿಯನ್ನೇ ಬೇಡಿದರು. ಅವಳು ಹಿಂಜರಿಯುತ್ತ ಗಂಟು ಬಿಚ್ಚಿದಳು. ಹಿಟ್ಟಿಗೆ ಜಿಗುಟಿಲ್ಲದೆ ಅಂಚೆಲ್ಲ ಸೀಳಿದ್ದ ರೊಟ್ಟಿ. ಅರ್ಧ ದಿನಕ್ಕೇ ಹಂಚಿನಂತಾಗಿತ್ತು. ಅದನ್ನು ಮಜ್ಜಿಗೆಯಲ್ಲಿ ನೆನೆಸಿ ಪೂರ್ತಿ ತಿಂದರು. ಆಮೇಲೆ ನನ್ನತ್ತ ಬೆರಳು ತೋರಿಸಿ, “ಮನೆಯಲ್ಲಿ ಇದನ್ನು ತಿನ್ನುತ್ತೀರಾ?” ಎಂದರು.

ನಾನು ರೂಢಿಯಂತೆ ಗೌಡರ ಕಡೆ ತಿರುಗಿ ಅದನ್ನೂ ಕನ್ನಡಕ್ಕೆ ತಂದೆ.

“ನನಗಲ್ರಿ,” ಎಂದರು ಗೌಡರು. “ನಿಮಗ ಕೇಳಾಕತ್ತಾರ.”

“ಇಲ್ಲ” ಎಂದೆ. ಅದಕ್ಕಿಂತ ಚಿಕ್ಕ ಇಂಗ್ಲಿಷ್ ವಾಕ್ಯವನ್ನು ನಾನು ಬೇರೆಲ್ಲೂ ಆಡಿಲ್ಲ, ಅಷ್ಟು ಕಷ್ಟಪಟ್ಟೂ ಆಡಿಲ್ಲ.

“ನಾನೂ ನಮ್ಮಲ್ಲಿ ಬಡವರಿಗೆಂದು ಹಂಚಿಸಿದ ಜೋಳ ತಿಂದವನಲ್ಲ,” ಎಂದರು ಇದ್ರಿಸ್. “ಈ ಒಂದು ವಿಷಯದಲ್ಲಿ ನಮ್ಮ ಎರಡೂ ದೇಶಗಳ ಸಹಕಾರ ಆಗಲೇ ಪೂರ್ಣಗೊಂಡಿದೆ.” ಮೊದಲು ಅಲ್ಲಿನ ಅಡಿಗೆ ಮನೆಗಳಲ್ಲಿ ಬೇಯಿಸಿ ನೋಡಲು ಸಾಕಾಗುವಷ್ಟು ಹೈಬ್ರಿಡ್ ಕಾಳನ್ನಷ್ಟೇ ಒಯ್ದರು. ಗೌಡರು ಅಂದು ಸಂಗವ್ವನ ಸೆರಗಿಗೆ ಮಾಲದಂಡಿ ಸುರಿದು ಕಳಿಸಿದರು.

ಎಷ್ಟು ಬೆಳೆಯಿತು ಎಂಬುದರ ಜೊತೆಗೆ ಅದು ಯಾರ ಬಾಯಿಗೆ ಹೋಯಿತು ಎಂದೂ ಕೇಳಬೇಕೆಂಬುದನ್ನು ಈ ನೌಕರಿ ನನಗೆ ಹೀಗೆ ಕಲಿಸಿತು. ಕೇಳುವುದನ್ನು ಕಲಿತೆ, ಉತ್ತರ ಬದಲಿಸುವುದು ಅಷ್ಟು ಸುಲಭಕ್ಕೆ ಬರಲಿಲ್ಲ. ಬೇಸಿಗೆಯಲ್ಲಿ ಮತ್ತೆ ಆ ಊರಿಗೆ ಹೋದೆ. ಕಣದಲ್ಲಿ ಗೌಡರ ಆಳು ಕೂಲಿ ಅಳೆಯುತ್ತಿದ್ದ, ಅದೇ ಹೈಬ್ರಿಡ್. ಸೆರಗೊಡ್ಡಿ ನಿಂತಿದ್ದ ಸಂಗವ್ವ ನನ್ನನ್ನು ಕಂಡು ನಕ್ಕಳು.

“ಸಾಹೇಬ್ರ, ಇನ್ನ ಯಾವ ದೇಶದವ್ರು ಬರ್ತಾರ್ರಿ?”