ವೈರಕ್ಕ ಕಾದಿಟ್ಟ ವಿಳಾಸಗಳು

ಸದಾ ವೈರು ಹಿಡಿದೇ ಓಡಾಡುವ ಅವಳನ್ನು ಬಸ್ ಡಿಪೋದಲ್ಲಿ ಎಲ್ಲರೂ ವೈರಕ್ಕ ಎಂದೇ ಕರೆಯುತ್ತಿದ್ದರು. ಡಿಪೋದ ಕಂಪ್ಯೂಟರುಗಳು, ಕಂಡಕ್ಟರುಗಳ ಟಿಕೆಟ್ ಮೆಷಿನ್ನುಗಳು, ಇವನ್ನೆಲ್ಲ ಹೆಣೆದ ನೆಟ್‌ವರ್ಕು, ಎಲ್ಲ ಅವಳ ತಲೆಯ ಮೇಲೆ. ಏನೇ ಕೆಟ್ಟರೂ ಬೈಗುಳ ಅವಳಿಗೇ, ಅದೇನು ಪುಣ್ಯವೋ!

ಈಚೆಗಂತೂ ಬೆಳಗಿನ ಪಾಳಿಯೆಂದರೆ ರಣರಂಗ. ಬಸ್ಸು ಹೊರಡುವ ಮುನ್ನ ಪ್ರತಿ ಮೆಷಿನ್ನೂ ನೆಟ್‌ವರ್ಕಿಗೆ ಸೇರಿ ಆ ದಿನದ ಟಿಕೆಟ್ ದರ ಇಳಿಸಿಕೊಳ್ಳಬೇಕು. ಅರ್ಧಕ್ಕರ್ಧ ಮೆಷಿನ್ನುಗಳು ‘ವಿಳಾಸ ಸಿಕ್ಕಿಲ್ಲ’ ಎಂದು ಮುಷ್ಕರ ಹೂಡುತ್ತಿದ್ದವು. ನಿಲ್ದಾಣದಲ್ಲಿ ಕಾದ ಪ್ರಯಾಣಿಕರು ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ಕೊನೆಗೆ ಮ್ಯಾನೇಜರು ಖಡಾಖಂಡಿತವಾಗಿ ಹೇಳಿಬಿಟ್ಟರು.

“ಸೋಮವಾರ ಹೊರಗಿನ ಕಂಪನಿಯವರು ಬರ್ತಾರಮ್ಮ. ಅಷ್ಟರೊಳಗೆ ಸರಿಹೋಗ್ಲಿಲ್ಲ ಅಂದ್ರೆ ಈ ರೂಮು ಅವರಿಗೆ, ನೀವು ಟೈರ್ ಗೋಡೌನಿಗೆ.”

ಟೈರ್ ಗೋಡೌನಂತೆ! ಈ ರೂಮಿನ ಒಂದೊಂದು ತಂತಿಯನ್ನೂ ತನ್ನ ಕೈಯಾರೆ ಎಳೆದವಳು ಅವಳು.

ವಿಳಾಸ ಕದಿಯುವ ಕಳ್ಳನನ್ನು ಹುಡುಕಹೊರಟರೆ ಸಿಕ್ಕಿಬಿದ್ದವನು ಸ್ವಂತ ತಮ್ಮ! ಅವನೂ ಅಲ್ಲೇ ಕಂಡಕ್ಟರು. ಅವನ ಫೋನಷ್ಟೇ ಏಕೆ, ಪಾಳಿಗೆ ಬಂದವರ ಜೇಬಿನ ಫೋನುಗಳೆಲ್ಲ ವೈಫೈಗೆ ಅಂಟಿಕೊಂಡು, ನೆಟ್‌ವರ್ಕಿಗೆ ಸೇರಿದವರಿಗೆ ಡಿಎಚ್‌ಸಿಪಿ ಸರ್ವರು ಎಣಿಸಿ ಹಂಚುವ ಐಪಿ ವಿಳಾಸಗಳನ್ನು ಮೊದಲೇ ಬಾಚಿಕೊಳ್ಳುತ್ತಿದ್ದವು. ಆಮೇಲೆ ಕಣ್ಣುಬಿಡುವ ಮೆಷಿನ್ನುಗಳಿಗೆ ಚಿಪ್ಪೇ ಗತಿ.

“ಅಯ್ಯೋ ಅಕ್ಕಾ, ನಾನೇನ್ಮಾಡ್ದೆ? ಒಂದು ಹಾಡು ಕೇಳ್ದೆ ಅಷ್ಟೇ!”

“ಕೇಳಪ್ಪಾ, ಕೇಳು. ನಿನ್ನ ಹಾಡಿಗೂ ಒಂದು ಮೂಲೆ ಮಾಡ್ತೀನಿ.”

ಸರ್ವರಿನಲ್ಲಿ ಒಂದು ಪಾಲಿಸಿ, ಅಂದರೆ ಯಾರಿಗೆ ಯಾವ ವಿಳಾಸ ಎಂಬ ನಿಯಮ, ಬರೆದಳು. ಪ್ರತಿ ಉಪಕರಣಕ್ಕೂ ಹುಟ್ಟಿನಿಂದ ಬಂದ ಒಂದು ಸಂಖ್ಯೆ. ಅದರ ಮೊದಲ ಭಾಗ ತಯಾರಕರ ಗುರುತು. ಟಿಕೆಟ್ ಮೆಷಿನ್ನಿನ ಗುರುತು ಕಂಡರೆ ಮೀಸಲು ಸಾಲಿನಿಂದ ವಿಳಾಸ ಕೊಡು, ಮಿಕ್ಕವರಿಗೆ ಬೇರೆ ಸಾಲು, ಅದೂ ಸ್ವಲ್ಪ ಹೊತ್ತಿಗೆ. ಬಸ್ಸಿನ ಮೀಸಲು ಸೀಟಿನ ಹಾಗೆ.

ಮರುದಿನ ಮೊದಲಿಗಿಂತ ಅಧ್ವಾನ! ಮೀಸಲು ಸಾಲು ಖಾಲಿ ಹೊಡೆಯುತ್ತಿತ್ತು, ಮೆಷಿನ್ನುಗಳೆಲ್ಲ ಫೋನುಗಳ ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡಿದ್ದವು.

“ಅಕ್ಕಾ, ಮೊದ್ಲೇ ವಾಸಿಯಾಗಿತ್ತು!” ಎಂದ ತಮ್ಮ.

ಅವಳಿಗೆ ಅಳುವೇ ಬಂತು. ಮೂಗು ಒರೆಸಿಕೊಂಡು ಒಂದು ಮೆಷಿನ್ನಿನ ಸ್ಕ್ರೂ ಬಿಚ್ಚಿದಳು. ಹೊರಗಿನ ಡಬ್ಬದ ಮೇಲೆ ಒಂದು ಕಂಪನಿಯ ಹೆಸರು, ಒಳಗಿನ ನೆಟ್‌ವರ್ಕ್ ಕಾರ್ಡಿನ ಮೇಲೆ ಇನ್ನೊಂದರದ್ದು! ಸರ್ವರಿಗೆ ಕಾಣುವುದು ಕಾರ್ಡು ಮಾಡಿದವರ ಗುರುತು. ಅವಳು ಬರೆದಿದ್ದು ಡಬ್ಬ ಮಾಡಿದವರದ್ದು.

“ಥೂ, ನನ್ನ ಬುದ್ಧಿಗಿಷ್ಟು!” ಎಂದು ತಲೆ ಚಚ್ಚಿಕೊಂಡು ಪಾಲಿಸಿಯಲ್ಲಿ ಗುರುತು ಬದಲಿಸಿದಳು.

ಸೋಮವಾರ ಬೆಳಿಗ್ಗೆ ತಮ್ಮ ಬೇಕೆಂದೇ ಫೋನಿನಲ್ಲಿ ಹಾಡು ಹಾಕಿಕೊಂಡು ಬಂದು ಮೆಷಿನ್ನಿನ ಗುಂಡಿ ಒತ್ತಿದ. ಟಣ್! ದರ ಇಳಿಯಿತು. ಪಕ್ಕದವನದೂ ಟಣ್. ಅದರಾಚೆಯದೂ ಟಣ್. ಹಾಡೂ ನಿಲ್ಲಲಿಲ್ಲ, ಬಸ್ಸೂ ನಿಲ್ಲಲಿಲ್ಲ. “ಭಲೇ ಅಕ್ಕಾ!” ಎಂದು ಕೂಗುತ್ತ ಅವನು ಬಸ್ಸು ಹತ್ತಿದ. ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಬಯ್ಯಲು ಸಜ್ಜಾಗಿ ಮ್ಯಾನೇಜರು ಹೊರಬಂದರು. ಬೈಸಿಕೊಳ್ಳಲು ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

“ಎಲ್ರೂ ಎಲ್ಲಮ್ಮಾ?”

“ಹೊರಟ್ರು ಸಾರ್. ಟೈಮಾಯ್ತಲ್ಲ!”

ಅವರು ಒಮ್ಮೆ ಖಾಲಿ ಅಂಗಳವನ್ನು ನೋಡಿದರು, ಒಮ್ಮೆ ಗಡಿಯಾರವನ್ನು. ಆಮೇಲೆ ಅವಳೆದುರೇ ಫೋನು ತೆಗೆದು ಹೊರಗಿನ ಕಂಪನಿಯವರಿಗೆ ಹೇಳಿದರು: “ನೀವು ಬರೋದೇನೂ ಬೇಡ. ಈ ರೂಮಿಗೆ ನಮ್ಮೋರೇ ಇದ್ದಾರೆ.”